ಹೆಸರೊಂದು ಕಡೆ, ರುಚಿಯೊಂದು ಕಡೆ

ಫ್ರಾನ್ಸಿನ ದ್ರಾಕ್ಷಾಮದ್ಯವೆಂದೊಡನೆ ಲೋಕವೆಲ್ಲ ಬೋರ್ದೋ ಪಟ್ಟಣದ ಹೆಸರನ್ನೇ ಹೇಳುತ್ತದೆ. ಆ ಬಂದರಿನತ್ತ ಹರಿದು ಬರುವ ನದಿಗಳ ಮೇಲಣ ಸೀಮೆಯಲ್ಲಿ ಕಾಓರ್ ಎಂಬ ಊರುಂಟು. ಅಲ್ಲಿಯ ಮದ್ಯ ಕಪ್ಪೆನ್ನುವಷ್ಟು ಗಾಢ. ಬೋರ್ದೋ ವರ್ತಕರು ತಮ್ಮ ಸರಕು ಖರ್ಚಾಗುವವರೆಗೆ ಮೇಲಣ ಸೀಮೆಯ ಪೀಪಾಯಿಗಳನ್ನು ತಡೆದಿಡುತ್ತಿದ್ದರು. ಈ ಕಟ್ಟಳೆ ಮುರಿದದ್ದು 1776ರಲ್ಲಿ. ತಮ್ಮ ಮದ್ಯ ತೆಳುವಾದಾಗ ಮಾತ್ರ ಕಾಓರಿನದನ್ನೇ ಬೆರೆಸಿ ತಮ್ಮ ಹೆಸರಿನಲ್ಲಿ ಮಾರಲು ಅವರಿಗೆ ಸಂಕೋಚವಿರಲಿಲ್ಲ! 1971ರಲ್ಲಿ ಕಾಓರಿನ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಬೋರ್ದೋವಿನ ಹೆಸರಾಂತ ಶೀಸೆಗಳೆದುರು ಅದು ಇಂದಿಗೂ ಅಗ್ಗ; ಬಲ್ಲವರು ಹುಡುಕಿ ಕೊಳ್ಳುತ್ತಾರೆ.

ಮದ್ಯದ ಮಾತು ಗೃಹಸ್ಥರಿಗೇಕೆ? ಇದೇ ಬಗೆಯ ಕಥೆ ಅಡಿಗೆಮನೆಯ ಬೇಳೆಡಬ್ಬಿಯಲ್ಲಿಯೂ ಉಂಟು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 2009ರ ಕೊನೆಯವರೆಗೆ ಗುಲ್ಬರ್ಗಾ ಜಿಲ್ಲೆಯೊಳಗೇ ಇದ್ದವು. ಆದುದರಿಂದ ಅಲ್ಲಿಯ ತೊಗರಿಯೂ ಅಂಗಡಿಗಳಲ್ಲಿ 'ಗುಲ್ಬರ್ಗಾ ಬೇಳೆ'ಯೇ ಆಯಿತು. 2019ರಲ್ಲಿ ಭೌಗೋಳಿಕ ಗುರುತು ದೊರೆತದ್ದೂ ಆ ಹೆಸರಿಗೇ. ಸುರಪುರದ ಬೇಳೆ ಕೊಡಿರೆಂದು ಬೆಂಗಳೂರಿನ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಕ್ಕಾನು.

ಆದರೆ ರುಚಿ ಹುಟ್ಟುವುದು ನೆಲದಲ್ಲಿ. ಮುಂಗಾರಿಗೆ ಬಿತ್ತಿದ ತೊಗರಿ ಆಳಕ್ಕೆ ತಾಯಿಬೇರನ್ನಿಳಿಸಿ, ಮಳೆ ನಿಂತ ಮೇಲೂ ಕರಿಮಣ್ಣು ಹಿಡಿದಿಟ್ಟ ಪಸೆಯನ್ನು ಹೀರುತ್ತ, ಚಳಿಗಾಲದ ಒಣಹವೆಯಲ್ಲಿ ನಿಧಾನವಾಗಿ ಬಲಿಯುತ್ತದೆ. ಐದಾರು ತಿಂಗಳ ಈ ಕಾಯುವಿಕೆಯ ನಡುವೆ ನೆಟೆರೋಗ ಬಡಿದರೆ ಇಡೀ ಹೊಲವೇ ಒಣಗುವುದುಂಟು. ರೋಗವನ್ನು ತಾಳಬಲ್ಲ 'ಮಾರುತಿ' ತಳಿ ಬಂದಮೇಲೆ ರೈತನು ಕೊಂಚ ಉಸಿರಾಡಿದನು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಕಾಲುವೆ ಹರಿದೆಡೆ ಭತ್ತ, ಹತ್ತಿ ಬಂದವು. ಮಳೆಯನ್ನೇ ನಂಬಿದ ಹೊಲಗಳಲ್ಲಿ ತೊಗರಿ ಉಳಿದಿದೆ.

ಕೊಳ್ಳುವ ಗೃಹಿಣಿಗೆ ಒಂದು ಮಾತು. ಕನ್ನಡಿಯಂತೆ ಹೊಳೆಯುವ ಬೇಳೆ ಮೇಲೆಂಬುದು ಭ್ರಮೆ. ಆ ಹೊಳಪು ಗಿರಣಿಯಲ್ಲಿ ಎಣ್ಣೆಯನ್ನೋ ನೀರನ್ನೋ ಸವರಿ ಉಜ್ಜಿದ್ದರಿಂದ ಬಂದದ್ದು. ಹೊಳಪನ್ನು ಬೇಯಿಸಿ ತಿನ್ನಲಾದೀತೆ? ಪಾಲಿಶ್ ಮಾಡದ ಬೇಳೆ ಮಂಕಾಗಿದ್ದು, ಮೈಮೇಲೆ ತೆಳು ಹುಡಿಯಿರುತ್ತದೆ. ಬಣ್ಣ ಅತಿ ಗಾಢ ಹಳದಿಯಾಗಿದ್ದರೆ ಸಂಶಯಪಡಬೇಕು. ಮೊದಲು ಪಾವು ಬೇಳೆಯನ್ನಷ್ಟೇ ತಂದು ಬೇಯಿಸಿ ನೋಡುವುದು ಜಾಣತನ: ಹೊಸ ಫಸಲಿನದು ಬೇಗ ಕರಗಿ, ಮುಚ್ಚಳ ತೆಗೆದೊಡನೆ ಘಮ್ಮೆನ್ನುತ್ತದೆ.

ಅದನ್ನು ಆ ಸೀಮೆಯವರಂತೆಯೇ ಉಣ್ಣಬೇಕು. ಹುಳಿಯಾದ ಪುಂಡಿಸೊಪ್ಪಿನೊಡನೆ ಬೇಳೆಯನ್ನೂ ಜೋಳದ ನುಚ್ಚನ್ನೂ ಬೇಯಿಸಿ, ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪುಂಡಿಪಲ್ಯ. ಜೊತೆಗೆ ಬಿಸಿ ಜೋಳದ ರೊಟ್ಟಿ, ಹಸಿ ಈರುಳ್ಳಿ. ಸಂಕ್ರಾಂತಿಯ ಸುಮಾರಿಗೆ ಯಾದಗಿರಿಯ ಕಡೆ ನೆಂಟರಿದ್ದವರು ಎರಡು ಸೇರು ಹೊಸ ಬೇಳೆ ತರಿಸಿಕೊಳ್ಳಲಿ.