ನಮ್ಮಲ್ಲಿ ಬಾರ್ನಬ ಯಾರು?



ಆಗಸ್ಟ್ ತಿಂಗಳ ಎರಡನೇ ಭಾನುವಾರ ಸೆರೆಯಲ್ಲಿರುವವರಿಗಾಗಿ ಪ್ರಾರ್ಥಿಸುತ್ತೇವೆ, ಕಾಣಿಕೆ ಹಾಕುತ್ತೇವೆ. ಕಣ್ಣೂರು ಜೈಲಿನ ಕೈದಿಗಳು ಮಾಡಿದ ಚಪಾತಿಯನ್ನು ದುಡ್ಡು ಕೊಟ್ಟು ತಿನ್ನುತ್ತೇವೆ. ಅದೇ ಕೈಗಳು ಬಿಡುಗಡೆಯಾಗಿ ಕುಂಬಳೆ ಪೇಟೆಗೆ ಬಂದು ಬಾಡಿಗೆ ಕೋಣೆ ಕೇಳಿದರೆ ಕೊಡುತ್ತೇವೆಯೇ?

ನಮ್ಮದೇ ಜಿಲ್ಲೆಯ ಚೀಮೇನಿಯಲ್ಲಿ ತೆರೆದ ಜೈಲಿದೆ. ಅಲ್ಲಿ ಸರಕಾರ ಕೈದಿಗಳನ್ನು ನಂಬಿ ಕೃಷಿ ಕೆಲಸ ಕೊಡುತ್ತದೆ. ಸರಕಾರಕ್ಕಿರುವಷ್ಟು ನಂಬಿಕೆಯೂ ಪಾಪನಿವೇದನೆ ಮಾಡಿ ಕ್ಷಮೆ ಪಡೆಯುವ ನಮಗಿಲ್ಲವೇ?

1981ರಲ್ಲಿ ಕೇರಳದಲ್ಲಿ ಹುಟ್ಟಿದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಕೈದಿಗಳ ನಡುವೆ ದುಡಿಯುತ್ತಿದೆ. ನಾವೂ ಕೈಜೋಡಿಸೋಣ. ಆದರೆ ಹೊರಬಂದವರನ್ನು ಬರೀ ನೆರವು ಪಡೆಯುವವರ ಸಾಲಿನಲ್ಲಿ ಕೂರಿಸುವುದು ಬೇಡ, ಅವರೇ ಮುಂದೆ ನಿಲ್ಲಲಿ. ಮೊದಲ ರಾತ್ರಿ ಎಲ್ಲಿ ಮಲಗುವುದು, ಹಳೆಯ ಸಹವಾಸ ಕರೆದರೆ ಏನು ಹೇಳುವುದು ಎಂಬುದನ್ನು ನಮ್ಮ ಉಪನ್ಯಾಸಕ್ಕಿಂತ ಅವರ ಬದುಕು ಚೆನ್ನಾಗಿ ಕಲಿಸುತ್ತದೆ.

ಅವರಿಂದ ನೊಂದವರ ಗತಿಯೇನು ಎನ್ನುವಿರಾ? ನ್ಯಾಯವಾದ ಪ್ರಶ್ನೆ. ಅದಕ್ಕೇ ನಡತೆ ನೋಡಿ ಹೊಣೆ ಕೊಡೋಣ. ಒಬ್ಬನು ಮತ್ತೆ ತಪ್ಪುದಾರಿ ಹಿಡಿಯದಿದ್ದರೆ ನೋಯುವವರೂ ಕಡಿಮೆಯಾಗುತ್ತಾರೆ.

ಸ್ತೇಫನನ ಕೊಲೆಗೆ ಸಮ್ಮತಿಸಿದ್ದ ಸೌಲನಿಗೆ ಜೆರುಸಲೇಮಿನ ಶಿಷ್ಯರೂ ಹೆದರಿದ್ದರು. ಅವನನ್ನು ಪ್ರೇಷಿತರ ಬಳಿಗೆ ಕರೆದೊಯ್ದವನು ಬಾರ್ನಬ. ಸೌಲರು ನಮ್ಮ ಊರಿಗೂ ಮರಳುತ್ತಾರೆ. ಬಾರ್ನಬ ಆಗಲು ನಾವು ಸಿದ್ಧರಿದ್ದೇವೆಯೇ?