ಮಕ್ಕಳೂ ನೀರೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಬರಗಾಲಕ್ಕೆ ಹೆಸರಾದುವು. ನೀರೇ ಅಪರೂಪವಾದಲ್ಲಿ ಮಕ್ಕಳು ಮುಳುಗುವುದೆಂತೆಂದು ವಾಚಕರು ಕೇಳಬಹುದು. ಅಪಾಯದ ಮೂಲವೂ ಅದೇ. ವರ್ಷಗಟ್ಟಲೆ ಕೆರೆ ಬತ್ತಿದರೆ ಈಜು ಕಲಿಯುವುದೆಲ್ಲಿ? ಜಯಮಂಗಲಿಗೆ ನೀರು ಬಂದ ದಿನ ಈಜಲರಿಯದವರೇ ಇಳಿಯುವರು.

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಹೊಂಡಗಳಾದುವು. ರೈತನಿಗೆ ಉಪಕಾರವೇ ಸರಿ. ಆದರೆ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯು ಒದ್ದೆಯಾದರೆ ಕಾಲೂರಗೊಡದು. ಈಜು ಬಲ್ಲವನಿಗೂ ಹತ್ತಿ ಬರುವುದು ದುಸ್ಸಾಧ್ಯ. ನಮ್ಮ ತರಗತಿಯ ಬಾಲಕನೊಬ್ಬನು ಇಂತಹ ಹೊಂಡದಲ್ಲಿಯೇ ತೀರಿಕೊಂಡನು. ಮರುದಿನ ಹಾಜರಿ ಕರೆಯುವಾಗ ಅಭ್ಯಾಸಬಲದಿಂದ ಅವನ ಹೆಸರನ್ನೂ ಕೂಗಿಬಿಟ್ಟೆವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿದು. ಹೊಂಡಕ್ಕೆ ಬೇಲಿ ಕಟ್ಟಿರಿ. ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಡಿರಿ. ಮುಳುಗುವ ಮಗುವು ಬಹುಮಟ್ಟಿಗೆ ಕೂಗಲಾರದು. ಕಣ್ಣಿಟ್ಟು ಕುಳಿತ ಹಿರಿಯರಿಲ್ಲದೆ ಮಕ್ಕಳನ್ನು ನೀರಿಗೆ ಬಿಡಬೇಡಿರಿ. ಈಜು ಬಾರದವರು ಧುಮುಕದೆ ಹಗ್ಗವನ್ನೋ ಸೀರೆಯನ್ನೋ ಎಸೆಯತಕ್ಕದ್ದು. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ಹಿಡಿದು ಕಾಲ ಕಳೆಯಬಾರದು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರೂದಿ, ಎದೆಯನ್ನೊತ್ತುತ್ತ, 108ಕ್ಕೆ ಕರೆ ಮಾಡಿಸಿರಿ.

ನಮ್ಮ ಹಿರಿಯರು ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನಮಗೆ ಬಾವಿಯಲ್ಲಿ ಈಜು ಕಲಿಸಿದರು. ಅಕ್ಷರದಂತೆ ಅದನ್ನೂ ಮಕ್ಕಳಿಗೆ ಕಲಿಸುವುದು ತಂದೆತಾಯಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.