ಕಡತ ಸಾಗಣೆಯಲ್ಲಿ ಪ್ರತಿಶುದ್ಧಿ

ವಿಜಯಪುರದಲ್ಲಿ ನೆಲೆಸಿ ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; ಇಂದು ಅಂಥ ಗರಿಗಳ ಡಿಜಿಟಲ್ ಚಿತ್ರಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗುವಾಗ ಪ್ರತಿಯ ಶುದ್ಧತೆಯನ್ನು ಕಾಯಬೇಕಾದದ್ದು ಸ್ಕ್ರಿಪ್ಟ್, ಅಂದರೆ ಯಂತ್ರವು ತಾನಾಗಿಯೇ ಅನುಸರಿಸುವ ಆದೇಶಗಳ ಬರಹ. ನಡುವೆ ಸಂಪರ್ಕ ಕಡಿದರೆ ಅರ್ಧ ಬಂದ ಕಡತವೂ ಪೂರ್ಣ ಕಡತದ ಹೆಸರನ್ನೇ ಹೊತ್ತು ಉಳಿಯಬಹುದು, ಮತ್ತು ಕಣ್ಣಿಗೆ ಬೀಳದ ಈ ದೋಷವೇ ಎಲ್ಲಕ್ಕಿಂತ ಅಪಾಯಕಾರಿ. ಆದ್ದರಿಂದ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಅದರ ಚೆಕ್‌ಸಮ್ ಅನ್ನು, ಎಂದರೆ ಎಲ್ಲ ಬೈಟುಗಳಿಂದ ಲೆಕ್ಕಹಾಕಿದ ಗುರುತುಸಂಖ್ಯೆಯನ್ನು, ಮೂಲದೊಂದಿಗೆ ಹೋಲಿಸಿದ ಬಳಿಕವೇ ನಿಜವಾದ ಹೆಸರು ಕೊಡಬೇಕು. 1996ರಲ್ಲಿ ಬಂದ ಆರ್‌ಸಿಂಕ್ ತಂತ್ರಾಂಶ ಇದನ್ನು ತಾನೇ ಮಾಡುತ್ತದೆಯಾದರೂ, ಅದು ಸೊನ್ನೆಯಲ್ಲದ ಸಂಕೇತವನ್ನು, ಅಂದರೆ ವೈಫಲ್ಯದ ಸೂಚನೆಯನ್ನು, ಹಿಂದಿರುಗಿಸಿದಾಗ ಅದನ್ನು ದಾಖಲಿಸಿ ಮತ್ತೆ ಯತ್ನಿಸುವ ಹೊಣೆ ಸ್ಕ್ರಿಪ್ಟ್ ಬರೆದವರದೇ.